ಕೈ ಎತ್ತಿದ ವೇಲ್ಯಾ

“ಅಮ್ಮಾ, ವೇಲ್ಯಾ ಮಾಮನ್ನ ನೋಡಿದ್ರೆ ಎಲ್ಲರೂ ಯಾಕೆ ಕೈ ಎತ್ತುತ್ತಾರೆ? ಅವರೇನು ಟೀಚರಾ?”

ಬೇಕರಿಯ ಮುಂದೆ ನಿಂತು ಬಿಸಿ ಬೂರೆಕ್ ತಿನ್ನುತ್ತಿದ್ದ ನೆವೆನಾ ಕೇಳಿದಳು. ರಸ್ತೆಯ ಆಚೆ ಬದಿಯಲ್ಲಿ ವೆಲಿಮಿರ್, ಊರಿಗೆಲ್ಲ ವೇಲ್ಯಾ, ಹೆಗಲ ಮೇಲೊಂದು ಟೈರು ಹೊತ್ತು ಹೋಗುತ್ತಿದ್ದ. ಕಾಫಿ ಅಂಗಡಿಯ ಹೊರಗೆ ಕೂತಿದ್ದ ಮುದುಕರ ಗುಂಪು ಅವನನ್ನು ಕಂಡದ್ದೇ ತಡ, ಕವಾಯತಿನವರ ಹಾಗೆ ಒಟ್ಟಿಗೆ ಬಲಗೈ ಎತ್ತಿತು. ವೇಲ್ಯಾ ತಾನೂ ಖಾಲಿ ಇದ್ದ ಕೈಯನ್ನು ಎತ್ತಿ, ನಕ್ಕು, ಮುಂದೆ ನಡೆದ. ಅದನ್ನು ನೋಡಿ ನೆವೆನಾ ಕೂಡ ಎಣ್ಣೆ ಜಿಡ್ಡಿನ ಕೈಯನ್ನು ಆದಷ್ಟು ಎತ್ತರಕ್ಕೆ ಎತ್ತಿದಳು. ಅವಳ ಅಮ್ಮ ಸೆಂಕಾ ತಟ್ಟನೆ ಅದನ್ನು ಕೆಳಗೆ ಎಳೆದಳು.

“ನಮಸ್ಕಾರ ಮಾಡಿದೆ ಅಷ್ಟೇ!”

“ಅದು ನಮಸ್ಕಾರ ಅಲ್ಲ ಕಣೆ. ಬಾಯಿ ಒರೆಸ್ಕೋ, ಹೊತ್ತಾಯ್ತು.”

ಮತ್ತೇನು ಎಂದು ಮಗಳು ದಾರಿಯುದ್ದಕ್ಕೂ ಕಾಡಿದಳು. ಸೆಂಕಾ ಉತ್ತರ ಹೇಳಲಿಲ್ಲ. ಹೇಳಬೇಕೆಂದರೆ ಮಗುವಿನ ಅಜ್ಜನ ಹೆಸರು ಹೇಳಬೇಕಾಗುತ್ತಿತ್ತು.

ಸೆಂಕಾಳ ಅಪ್ಪ ಸ್ತೋಯಾದಿನ್ ಊರಿನ ಶಾಲೆಯ ಡ್ರಿಲ್ ಮೇಷ್ಟ್ರು. ಸಂಜೆಯಾದರೆ ಊರಿನ ಫುಟ್‌ಬಾಲ್ ಕ್ಲಬ್ಬಿನ ಕೋಚು. ವೇಲ್ಯಾ ಹತ್ತು ವರ್ಷದವನಿದ್ದಾಗ ಅವರ ಕೈಗೆ ಸಿಕ್ಕಿದ. ಉದ್ದನೆಯ ಕಾಲು, ದೊಡ್ಡ ಕಿವಿ, ಗೋಲು ಹೊಡೆಯುವ ಹುಚ್ಚು. ಹೊಡೆದದ್ದೆಲ್ಲ ಪಕ್ಕದ ಜೋಳದ ಹೊಲಕ್ಕೆ. ಒಂದು ತಿಂಗಳು ಆ ಹೊಲದಿಂದ ಚೆಂಡು ಹೆಕ್ಕಿ ತಂದು ಬೇಸತ್ತ ಮೇಷ್ಟ್ರು ಹೇಳಿದರಂತೆ, “ಮಗಾ, ಗೋಲು ಹೊಡೆಯೋದು ನಿನ್ನ ಹಣೇಲಿ ಬರೆದಿಲ್ಲ. ಇನ್ನೊಬ್ಬರು ಹೊಡೆಯದ ಹಾಗೆ ನೋಡ್ಕೊಳ್ಳೋದು ಬರುತ್ತಾ ನೋಡು.”

ಅದು ಬಂತು. ಎಷ್ಟು ಚೆನ್ನಾಗಿ ಬಂತೆಂದರೆ ಹದಿನೇಳಕ್ಕೇ ದೊಡ್ಡವರ ತಂಡದಲ್ಲಿ ಹಿಂದಿನ ಸಾಲಿನ ನಡುವೆ ನಿಂತ. ಅಪ್ಪ ತೀರಿಕೊಂಡಿದ್ದ ಹುಡುಗ, ತಾಯಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾಳಿ ಕೆಲಸ. ಹಾಗಾಗಿ ಅವನ ಅರ್ಧ ಊಟ ಮೇಷ್ಟ್ರ ಮನೆಯಲ್ಲೇ. ಸೆಂಕಾ ಆಗ ಎರಡು ಜಡೆಯ ಹುಡುಗಿ. ಅವನನ್ನು ಅಣ್ಣ ಎಂದೇ ಕರೆದಳು, ಅಣ್ಣನ ಜೊತೆ ಜಗಳವಾಡುವ ಹಾಗೆಯೇ ಕೊನೆಯ ತುಂಡು ಕೇಕಿಗೆ ಜಗಳವಾಡಿದಳು.

ಆಮೇಲೆ ಬೆಲ್‌ಗ್ರೇಡಿನ ಒಂದು ಕ್ಲಬ್ಬು ಕರೆಯಿತು. ಅಲ್ಲಿ ಆಡಲು ಸಿಗದೆ ಎರಡು ವರ್ಷ ಬೆಂಚು ಬಿಸಿ ಮಾಡಿದ. ಅಲ್ಲಿಂದ ಹಂಗೆರಿ, ಸೈಪ್ರಸ್, ಕೊನೆಗೆ ಮೂಗು ಸೋರಿದರೆ ಅಲ್ಲೇ ಮಂಜುಗಡ್ಡೆ ಕಟ್ಟುವ ಕಜಕಿಸ್ತಾನ. ದೊಡ್ಡ ಹೆಸರೇನೂ ಬರಲಿಲ್ಲ. ಗೋಲು ತಡೆದವನ ಹೆಸರು ಪತ್ರಿಕೆಯಲ್ಲಿ ಯಾರು ಹಾಕುತ್ತಾರೆ? ಮೂಗು ಮುರಿಯಿತು, ಮತ್ತೊಮ್ಮೆ ಮುರಿದು ಹೆಚ್ಚುಕಡಿಮೆ ನೆಟ್ಟಗಾಯಿತು. ಹೋದಲ್ಲೆಲ್ಲ ಅಲ್ಲಿಯ ಭಾಷೆಯಲ್ಲಿ ಮೂರೇ ಮಾತು ಕಲಿತ: ‘ನಂದು’, ‘ಹೊರಗೆ’, ‘ಹಿಂದೆ ನೋಡು’. “ಅಲ್ಲಯ್ಯಾ, ಊಟ ಹ್ಯಾಗೆ ಕೇಳ್ತಿದ್ದೆ?” ಎಂದು ಸೆಂಕಾಳ ತಾಯಿ ಬೋರ್ಕಾ ಕೇಳಿದರೆ, “ತಟ್ಟೆ ತೋರಿಸಿ ‘ನಂದು’ ಅಂತಿದ್ದೆ ಅತ್ತೆ” ಎನ್ನುತ್ತಿದ್ದ.

ಎಲ್ಲೇ ಇರಲಿ, ನವೆಂಬರಿನಲ್ಲಿ ಮೇಷ್ಟ್ರ ಮನೆದೇವರ ಹಬ್ಬಕ್ಕೆ ಬರುತ್ತಿದ್ದ. ಹಂಗೆರಿಯಲ್ಲಿದ್ದಾಗ ಇಡೀ ರಾತ್ರಿ ಬಸ್ಸಿನಲ್ಲಿ ಕೂತು ಬಂದು, ದಿಮಿತ್ರಿ ಸಂತನ ದೀಪದ ಮುಂದೆ ಶಿಲುಬೆ ಗುರುತು ಹಾಕಿಕೊಂಡು, ಪ್ರಸಾದದ ಗೋಧಿ ಒಂದು ಚಮಚ ತಿಂದು, ಬೋರ್ಕಾ ಬಡಿಸಿದ ಎಲೆಕೋಸಿನ ಸರ್ಮಾ ಸಾಕೆನ್ನುವಷ್ಟು ಉಂಡು, ಮತ್ತೆ ಅದೇ ಬಸ್ಸು ಹಿಡಿಯುತ್ತಿದ್ದ.

ಮೂವತ್ತೆರಡಕ್ಕೆ ಊರಿಗೇ ಮರಳಿದ. ಹಗಲು ಟೈರಿನ ಅಂಗಡಿ, ಸಂಜೆ ಊರಿನ ಕ್ಲಬ್ಬು. ಆ ವರ್ಷವೇ ಕ್ಲಬ್ಬು ಮೇಲಿನ ಲೀಗಿನ ಹೊಸ್ತಿಲವರೆಗೆ ಹೋಯಿತು. ಕೊನೆಯ ಪಂದ್ಯ ಸಮವಾದರೂ ಸಾಕಿತ್ತು. ಅಂಗಡಿಗಳೆಲ್ಲ ಬಾಗಿಲು ಹಾಕಿ ಜನ ಮೈದಾನದ ಬೇಲಿಗೆ ಆತುಕೊಂಡಿದ್ದರು. ಪಂದ್ಯ ಮುಗಿಯುವ ಹೊತ್ತಿಗೆ ಎದುರಾಳಿಗಳ ಮುಂಚೂಣಿಯವನೊಬ್ಬ ಹಿಂದೆ ನುಸುಳುತ್ತಿರುವುದನ್ನು ವೇಲ್ಯಾ ಕಂಡ. ಮೇಷ್ಟ್ರು ಇಪ್ಪತ್ತು ವರ್ಷ ಕಲಿಸಿದ ಪಾಠ ಒಂದೇ: ಸಾಲಾಗಿ ಮುಂದೆ ಹೆಜ್ಜೆ ಇಡು, ಅವನನ್ನು ಹಿಂದೆ ಒಂಟಿಯಾಗಿ ಬಿಡು, ಕೈ ಎತ್ತಿ ಆಫ್‌ಸೈಡ್ ಕೇಳು. ವೇಲ್ಯಾ ‘ಹೊರಗೆ’ ಎಂದು ಕೂಗಿ, ಮುಂದೆ ಬಂದು, ಬಲಗೈ ಎತ್ತಿ ನಿಂತ. ಆದರೆ ಎಡಗಡೆ ಅವರ ತಂಡದ್ದೇ ಎಳೆ ಹುಡುಗನೊಬ್ಬ ಹಿಂದೆಯೇ ಉಳಿದಿದ್ದ, ಹಾಗಾಗಿ ಆಫ್‌ಸೈಡ್ ಆಗಲಿಲ್ಲ. ಲೈನ್ಸ್‌ಮನ್ನಿನ ಬಾವುಟ ಏಳಲಿಲ್ಲ. ಆ ಮುಂಚೂಣಿಯವನು ವೇಲ್ಯಾನ ಎತ್ತಿದ ಕೈಯ ಕೆಳಗಿಂದಲೇ ಎಂಬಂತೆ ಓಡಿಹೋಗಿ ಗೋಲು ಹೊಡೆದ. ವೇಲ್ಯಾ ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದ.

ಸೋತದ್ದು ದೊಡ್ಡದಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಮೇಷ್ಟ್ರು ಎಲ್ಲರೆದುರು ಅಂದುಬಿಟ್ಟರು, “ಏನೋ ಅದು, ಬಸ್ ನಿಲ್ಸೋಕೆ ಬಂದಿದ್ಯಾ?” ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೋಡೆಗೂ ಕಿವಿಯಿರುವ ಊರು. ಮರುದಿನದಿಂದಲೇ ವೇಲ್ಯಾನನ್ನು ಕಂಡವರೆಲ್ಲ ಕೈ ಎತ್ತತೊಡಗಿದರು. ಮೇಷ್ಟ್ರು ಆ ವಾರವೇ ಕೋಚ್ ಕೆಲಸ ಬಿಟ್ಟರು. ಮೈದಾನದ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಆ ನವೆಂಬರಿನಲ್ಲಿ ವೇಲ್ಯಾ ಹಬ್ಬಕ್ಕೆ ಬರಲಿಲ್ಲ. ಸೆಂಕಾ ಅಪ್ಪನಿಗೆ ಹೇಳಿದಳು, “ಒಂದು ಫೋನ್ ಮಾಡಿ ಕರೀಬಾರ್ದಾ?”

“ಮನೆದೇವರ ಹಬ್ಬಕ್ಕೆ ಕರೆಯೋದು ಅಂತ ಉಂಟೇನೆ ನಮ್ಮಲ್ಲಿ? ಬರೋರು ಬರ್ತಾರೆ. ಬಂದೋರನ್ನ ಬೇಡ ಅನ್ನೋ ಹಾಗಿಲ್ಲ. ಕರೆದ್ರೆ ಅವನು ಹೊರಗಿನೋನು ಅಂತಾಯ್ತು. ಅವನೇನು ಹೊರಗಿನೋನಾ?”

“ಹಾಗಾದ್ರೆ ನಾನು ಹೇಳ್ತೀನಿ.”

“ನೀನು ಹೇಳಿದ್ರೂ ಅದು ಕರೆದ ಹಾಗೇ. ಬಾಯಿ ಮುಚ್ಕೊಂಡಿರು.”

ಡಿಸೆಂಬರಿನಲ್ಲಿ ವೇಲ್ಯಾನ ಮನೆಯ ನಿಕೋಲಾ ಸಂತನ ಹಬ್ಬ. ಅದಕ್ಕೂ ಕರೆಯುವ ಪದ್ಧತಿ ಇಲ್ಲವಲ್ಲ! ಅವನು ಕರೆಯಲಿಲ್ಲ, ಇವರು ಹೋಗಲಿಲ್ಲ. ಹೀಗೆ ಎರಡು ಮನೆಯ ಸಂತರೂ ಆರು ವರ್ಷ ದಾರಿ ಕಾದರು. ಅಷ್ಟರಲ್ಲಿ ಸೆಂಕಾಳಿಗೆ ಮದುವೆಯಾಗಿ, ನೆವೆನಾ ಹುಟ್ಟಿ, ಮಾತು ಕಲಿತು, ಈಗ ಕೈ ಎತ್ತುವುದನ್ನೂ ಕಲಿತಿದ್ದಳು.

ಬೂರೆಕ್ ತಿಂದ ಆ ವಾರವೇ ಚಳಿಗಾಲದ ಟೈರು ಹಾಕಿಸಬೇಕಿತ್ತು. ಬೇರೆ ಅಂಗಡಿಗೆ ಹೋಗಬಹುದಿತ್ತು, ಆದರೆ ಸೆಂಕಾ ಯಾವತ್ತೂ ಹೋಗಿರಲಿಲ್ಲ. ಟೈರಿನ ನೆಪದಲ್ಲಿ ವರ್ಷಕ್ಕೆರಡು ಸಲ ಅವನೊಡನೆ ನಾಲ್ಕು ಮಾತು ಆಡುವುದು ಅವಳ ರೂಢಿ. ಹಬ್ಬದ ಬಗ್ಗೆ ಮಾತ್ರ ಇಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ. ಶುಕ್ರವಾರ ಮಧ್ಯಾಹ್ನ, ಮರುದಿನ ಹಬ್ಬವೆನ್ನುವಾಗ, ಮಗಳನ್ನು ಹಿಂದೆ ಕೂರಿಸಿಕೊಂಡು ಹೋದಳು. ವೇಲ್ಯಾ ಜಾಕ್ ಹಾಕಿ ಕಾರು ಎತ್ತುತ್ತಿದ್ದ. ಮಂಡಿ ಮಡಚುವಾಗ ಹಲ್ಲು ಕಚ್ಚಿಕೊಂಡದ್ದು ಅವಳಿಗೆ ಕಂಡಿತು.

ನೆವೆನಾ ಸುತ್ತುಬಳಸಲಿಲ್ಲ. “ವೇಲ್ಯಾ ಮಾಮ, ಎಲ್ಲರೂ ನಿಮ್ಮನ್ನ ನೋಡಿ ಯಾಕೆ ಕೈ ಎತ್ತೋದು? ಅಮ್ಮ ಹೇಳ್ತಾ ಇಲ್ಲ.”

ಸೆಂಕಾಳಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ವೇಲ್ಯಾ ಕೈಯಲ್ಲಿದ್ದ ಪಾನಾ ಕೆಳಗಿಟ್ಟು, ಉರುಳಿಸಿಟ್ಟ ಟೈರಿನ ಮೇಲೆ ಕೂತ.

“ನೋಡು ಪುಟ್ಟಿ, ಆಟದಲ್ಲಿ ಎದುರಿನೋನು ನಮ್ಮ ಹಿಂದೆ ಬಂದು ಕಳ್ಳನ ಹಾಗೆ ಚೆಂಡಿಗೆ ಕಾಯ್ತಿದ್ರೆ, ಅದು ಮೋಸ. ಮೋಸ ಕಂಡ್ರೆ ನಾವು ಕೈ ಎತ್ತಬೇಕು.”

“ಟೀಚರ್‌ಗೆ ತೋರಿಸೋ ಹಾಗೆ?”

“ಹೂಂ, ಅದೇ. ಒಂದ್ಸಲ ನಾನು ಕೈ ಎತ್ತಿದೆ, ಟೀಚರ್ ಬಾವುಟ ಎತ್ತಲಿಲ್ಲ.”

“ನೋಡ್ಲಿಲ್ವಾ?”

“ನೋಡಿದ್ರು. ಮೋಸ ಆಗಿರಲಿಲ್ಲ. ನಮ್ಮೋನೇ ಒಬ್ಬ ಹಿಂದೆ ಉಳಿದುಬಿಟ್ಟಿದ್ದ.”

“ಹಾಗಾದ್ರೆ ನೀವು ಓಡಿ ಹಿಡೀಬೇಕಿತ್ತು!”

“ಕೈ ಎತ್ಕೊಂಡು ಓಡೋದು ಕಷ್ಟ ಕಣೆ. ನೀನೇ ಓಡಿ ನೋಡು.”

ನೆವೆನಾ ಬಲಗೈ ಎತ್ತಿಕೊಂಡು ಅಂಗಡಿಯ ಅಂಗಳದಲ್ಲಿ ಓಡಲು ಹೊರಟಳು. ಅವಳು ದೂರವಾದ ಮೇಲೆ ವೇಲ್ಯಾ ಮತ್ತೆ ಪಾನಾ ಎತ್ತಿಕೊಂಡು ದನಿ ತಗ್ಗಿಸಿದ.

“ಸೆಂಕಾ, ಈ ಚಳಿಗಾಲಕ್ಕೆ ಆಟ ನಿಲ್ಲಿಸ್ತಿದೀನಿ. ಮಂಡಿ ಸಾಕು ಅಂತಿದೆ. ಕ್ಲಬ್ಬಿನೋರು ಪುಟ್ಟ ಮಕ್ಕಳ ತಂಡ ನೋಡ್ಕೋ ಅಂತಿದ್ದಾರೆ. ಸೋಮವಾರ ಹೇಳಬೇಕು.”

“ಒಪ್ಕೋ ಅಣ್ಣ! ಇದರಲ್ಲಿ ಯೋಚನೆ ಮಾಡೋದೇನಿದೆ?”

“ಅದು ಮೇಷ್ಟ್ರ ತಂಡ. ನನ್ನನ್ನ ಆ ಜೋಳದ ಹೊಲದಿಂದ ಎಳ್ಕೊಂಡು ಬಂದ ತಂಡ. ಅವರನ್ನ ಒಂದು ಮಾತು ಕೇಳದೆ ಅವರ ಸೀಟಿ ನಾನು ಹ್ಯಾಗೆ ಊದಲಿ? ಕೇಳೋಕೆ ಮುಖ ಇಲ್ಲ. ಅವರಿಗೆ ನನ್ನ ಮುಖ ನೋಡೋಕೂ ಇಷ್ಟವಿಲ್ಲ.”

“ಹಾಗಂತ ಯಾರು ಹೇಳಿದ್ದು?”

“ಆರು ವರ್ಷ ಆಯ್ತಲ್ಲ. ಬೇರೆ ಯಾರು ಹೇಳಬೇಕು?”

ಬಿಸಿ ತುಪ್ಪ ಬಾಯಲ್ಲಿಟ್ಟ ಹಾಗಾಯಿತು ಸೆಂಕಾಳಿಗೆ. ‘ನಾಳೆ ಬಾ’ ಎಂದರೆ ಕರೆದ ಹಾಗೆ. ಅಪ್ಪನಿಗೆ ಗೊತ್ತಾದರೆ ವೇಲ್ಯಾ ಹೊರಗಿನವನಾಗಿಬಿಡುತ್ತಾನೆ, ಅವಳು ಒಳಗಿನ ಚಾಡಿಕೋರಳಾಗುತ್ತಾಳೆ. ಸುಮ್ಮನಿದ್ದರೆ ಸೋಮವಾರ ಇವನು ಒಲ್ಲೆನೆಂದು ಬರುತ್ತಾನೆ. ಮಕ್ಕಳ ಪಾಲಿಗೆ ಇನ್ಯಾರೋ ಸೀಟಿ ಊದುವವರು ಬರುತ್ತಾರೆ. ಅವಳು ಕಾರಿನ ಬಾಗಿಲಿಗೆ ಒರಗಿ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಅಡುಗೆಯ ಸುದ್ದಿ ತೆಗೆದಳು. ಅಡುಗೆಯ ಸುದ್ದಿ ಹೇಳಬಾರದೆಂದು ಯಾವ ಪದ್ಧತಿಯೂ ಇಲ್ಲ.

“ಬೆಳಿಗ್ಗೆಯಿಂದ ಅಮ್ಮನ ಜೊತೆ ಗೋಧಿ ಬೇಯಿಸಿ ಬೇಯಿಸಿ ಸಾಕಾಯ್ತು. ಅದನ್ನ ಆರ ಹಾಕು, ರುಬ್ಬು, ಸಕ್ಕರೆ, ಅಕ್ರೋಟು… ನಿನಗೆ ಅಕ್ರೋಟು ತಿಂದ್ರೆ ಗಂಟಲು ಊದ್ಕೊಳ್ಳುತ್ತಲ್ಲ ಈಗಲೂ?”

“ಹೂಂ. ಸೈಪ್ರಸ್‌ನಲ್ಲಿ ಒಂದ್ಸಲ ಸಾಯೋ ಹಾಗಾಗಿತ್ತು.”

“ಅಮ್ಮ ಅಕ್ರೋಟು ಹಾಕದ ಗೋಧಿ ಒಂದು ಬಟ್ಟಲು ಬೇರೆ ತೆಗೆದಿಟ್ಟಿದ್ದಾಳೆ. ಪ್ರತಿ ವರ್ಷ ತೆಗೆದಿಡ್ತಾಳೆ.”

ವೇಲ್ಯಾ ನಟ್ಟು ಬಿಗಿಯುವುದನ್ನು ನಿಲ್ಲಿಸಿದ. “ಅತ್ತೆ ಒಳ್ಳೇವರು. ಅವರ ಮನಸ್ಸು ಹಾಗೆ.”

“ಅಮ್ಮ ಮರೆತ್ರೂ ಮರೀತಾಳೆ. ಇವತ್ತು ಮರೆತೇಬಿಟ್ಟಿದ್ಲು. ಇಡೀ ಪಾತ್ರೆಗೆ ಅಕ್ರೋಟು ಸುರಿಯೋಕೆ ಹೋದಾಗ ಅಪ್ಪ ಕನ್ನಡಕ ಏರಿಸ್ಕೊಂಡು ಅಡುಗೆಮನೆಗೆ ಬಂದು ಬೈದ್ರು: ‘ಬಟ್ಟಲು ತೆಗೆದಿಟ್ಯಾ? ವರ್ಷಾ ವರ್ಷಾ ನಾನೇ ನೆನಪು ಮಾಡ್ಬೇಕಾ?’ ಅಂತ. ಹಬ್ಬ ಮುಗಿದ ಮಾರನೇ ದಿನ ಅದನ್ನ ತಾವೇ ತಿಂತಾರೆ. ‘ರುಚೀನೇ ಇಲ್ಲ, ಹುಲ್ಲು ತಿಂದ ಹಾಗಿದೆ’ ಅಂತ ಗೊಣಗ್ತಾ ಪೂರ್ತಿ ತಿಂತಾರೆ.”

ವೇಲ್ಯಾ ಚಕ್ರವನ್ನು ಒಮ್ಮೆ ತಿರುಗಿಸಿದ, ಸರಿಯಾಗಿಯೇ ಇದ್ದದ್ದನ್ನು ಮತ್ತೊಮ್ಮೆ ಬಿಗಿದ. ನೆವೆನಾ ಏದುಸಿರು ಬಿಡುತ್ತ ಬಂದು, ಕೈ ಎತ್ತಿಕೊಂಡು ಓಡಬಹುದು, ಆದರೆ ತಿರುಗುವಾಗ ಬೀಳುತ್ತೇವೆ ಎಂದು ವರದಿ ಒಪ್ಪಿಸಿದಳು. ಅವಳ ಅಂಗೈಯ ಕೆಸರನ್ನು ವೇಲ್ಯಾ ತನ್ನ ಅಂಗಿಯ ತುದಿಯಿಂದಲೇ ಒರೆಸಿದ.

“ಮೇಷ್ಟ್ರೇ ಬೈದಿದ್ದಾ?” ಎಂದು ಮಗುವನ್ನು ಕೇಳುವವನ ಹಾಗೆ ಕೇಳಿದ.

“ಅಜ್ಜ ಎಲ್ಲರಿಗೂ ಬಯ್ತಾರೆ. ಆಮೇಲೆ ಬಡಿಸ್ತಾರೆ,” ಎಂದಳು ನೆವೆನಾ.

ಸೆಂಕಾ ದುಡ್ಡು ಕೊಟ್ಟಳು, ಅವನು ಎಂದಿನಂತೆ ಕಡಿಮೆ ತೆಗೆದುಕೊಳ್ಳಲು ನೋಡಿದ, ಅವಳು ಎಂದಿನಂತೆ ಗದರಿದಳು. ಕಾರು ಹೊರಡಿಸಿ ಗೇಟಿನವರೆಗೆ ಬಂದಿದ್ದಳು, ಅಷ್ಟರಲ್ಲಿ ಅವನು ಕುಂಟುತ್ತ ಬಂದು ಕಿಟಕಿ ತಟ್ಟಿದ. ಅವಳು ಗಾಜು ಇಳಿಸಿದಳು.

“ನಾಳೆ ಊಟದ ಹೊತ್ತಿಗೆ ಜನ ಜಾಸ್ತಿ ಇರ್ತಾರಾ?”

“ಯಾವಾಗಿನ ಹಾಗೆ.”

“ಅಲ್ಲ, ನಾನು ಬರ್ತೀನಿ ಅಂತ ಹೇಳ್ತಿಲ್ಲ. ಒಂದು ವೇಳೆ ಬಂದ್ರೆ…” ಅವನು ಎಣ್ಣೆ ಮೆತ್ತಿದ ಬೆರಳುಗಳನ್ನು ನೋಡಿಕೊಂಡ. “ಬಾಗಿಲು ನೀನೇ ತೆಗೀತೀಯಾ ಸೆಂಕಾ? ಅತ್ತೆ ತೆಗೆದ್ರೆ ಅಳ್ತಾರೆ. ಅವರು ಅತ್ರೆ ನಾನು ಅಲ್ಲಿಂದ್ಲೇ ವಾಪಸ್ ಹೋಗಿಬಿಡ್ತೀನಿ.”