ಊಟದ ಹೊತ್ತಿನ ಫ್ರೆಂಚ್

ಗೆಳತಿಯ ಅತ್ತೆ ನನ್ನ ತಟ್ಟೆಗೆ ರೊಟ್ಟಿ ಹಾಕುತ್ತಿದ್ದಂತೆಯೇ ಗೆಳತಿ, ಅವಳ ಗಂಡ ಇಬ್ಬರೂ ಫ್ರೆಂಚಿನಲ್ಲಿ ಮಾತಾಡತೊಡಗಿದರು. ಕೆನಡಾದಲ್ಲಿ ಫ್ರೆಂಚ್ ಆಡುವ ಸಣ್ಣ ಊರೊಂದಕ್ಕೆ ಎಂಜಿನಿಯರ್ ಆಗಿ ಹೋಗಲು ಅವನಿಗೆ ಸಂದರ್ಶನವಿತ್ತು. ಅಭ್ಯಾಸಕ್ಕೆಂದು ಪರದೇಶದ ಕೆಂಟನ್ ಎಂಬ ಊರಿನ ಆ ಮನೆಯಲ್ಲಿ ಊಟದ ಹೊತ್ತಿಗೆ ಬೇರೆ ಭಾಷೆಯೇ ಇರಲಿಲ್ಲ. ಫ್ರೆಂಚಿನ ಒಂದಕ್ಷರವೂ ಬಾರದ ಧಾರವಾಡದ ಆ ಹಿರಿಯಾಕೆ ರೊಟ್ಟಿಯ ಮೇಲೆ ರೊಟ್ಟಿ ಬಡಿಸುತ್ತಿದ್ದರು. ನಾನು ಎಣ್ಣೆಗಾಯಿ ಹೇಗೆ ಮಾಡಿದಿರಿ ಎಂದು ಕೇಳಿದ್ದೇ ತಡ, ಮುಖ ಅರಳಿತು. ಹೊರಡುವಾಗ ಬಾಗಿಲವರೆಗೂ ಬಂದು ಕೈ ಹಿಡಿದುಕೊಂಡರು.

"ನಾಳೆನೂ ಊಟಕ್ಕ ಬಾರವಾ. ಉಪ್ಪು ಹೆಚ್ಚಾಗೇತಿ ಅಂತ ಹೇಳಾಕರ ಒಬ್ರು ಇರ್ತಾರ."

ಮರುದಿನ ಹೋಗಲಾಗಲಿಲ್ಲ; ನಾನು ಮತ್ತೆ ಹೋಗುವ ಮೊದಲೇ ಅವನಿಗೆ ಆ ಕೆಲಸ ಸಿಕ್ಕಿ ಮೂವರೂ ಕೆನಡಾಕ್ಕೆ ಹೊರಟುಹೋಗಿದ್ದರು. ಈಗ ನಮ್ಮ ಮನೆಯಲ್ಲಿ ಯಾರಾದರೂ ಉಪ್ಪು ಹೆಚ್ಚಾಯಿತೆಂದು ಗೊಣಗಿದರೆ ನನಗೆ ಸಿಟ್ಟೇ ಬರುವುದಿಲ್ಲ.