ಬೆರಳು ನಿಲ್ಲಿಸುವ ಆಟ

ತಾಳಿಯ ಸರದ ಜೊತೆಗೇ ಅವರ ಕೊರಳಲ್ಲಿ ಹಸಿರು ಪ್ಲಾಸ್ಟಿಕ್ ಸೀಟಿಯೊಂದು ನೇತಾಡುತ್ತಿತ್ತು. ಸೆರಗಿನಲ್ಲಿ ಸದಾ ಎಲ್ಲೋ ಒಂದು ಕಡೆ ನೀಲಿಯೋ ಕಿತ್ತಳೆಯೋ ಬಣ್ಣದ ಕಲೆ. ಜೆ.ಪಿ. ನಗರದ ಕೊನೆಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರಮ್ಮ ಅವರು. ಅವರ ಮನೆತನ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಕಟ್ಟಡವೇಳದೆ ಉಳಿದದ್ದು ಒಂದೇ ತುಂಡು. ಅಲ್ಲಿ ಅವರ ಮಗ ಪೇಂಟ್‌ಬಾಲ್ ಮೈದಾನ ಮಾಡಿದ್ದ. ಎರಡು ತಂಡದವರು ಡ್ರಮ್ಮು, ಟೈರುಗಳ ಹಿಂದೆ ಅವಿತು ಗನ್ನಿನಿಂದ ಬಣ್ಣದ ಗುಂಡು ಹಾರಿಸಿಕೊಳ್ಳುವ ಆಟ ಅದು. ಗೇಟು ಕಾಯಲು ಕೂತ ಓನರಮ್ಮ ನೋಡನೋಡುತ್ತಲೇ ಅಲ್ಲಿನ ಅಂಪೈರ್ ಆಗಿಬಿಟ್ಟರು. ಆಟ ಮುಗಿದ ಮೇಲೆ ಗೆದ್ದವರೂ ಸೋತವರೂ ಒಂದೇ ಜಮಖಾನದ ಮೇಲೆ ಕೂತು ಮಜ್ಜಿಗೆ ಕುಡಿಯಲೇಬೇಕು. "ಜಗಳ ಇಲ್ಲೇ ಒದರಿಬಿಟ್ಟು ಹೋಗ್ರಪ್ಪ" ಎನ್ನುತ್ತಿದ್ದರು.

ಹೈಸ್ಕೂಲಿನಲ್ಲಿದ್ದ ನನ್ನ ಮಗಳಿಗೆ ಆ ಆಟದ ಗೀಳು ಹತ್ತಿತು. ಒಂದು ಸಂಜೆ ಟಿವಿಯಲ್ಲಿ ಯಾವುದೋ ದೇಶದ ಯುದ್ಧ ತೋರಿಸುತ್ತಿದ್ದರು. ಬಾಂಬಿಗೆ ಕಟ್ಟಡವೊಂದು ಕುಸಿದು ಬಿತ್ತು. "ಸಖತ್! ಇನ್ನೊಂದು ಹಾಕ್ಬೇಕಿತ್ತು" ಎಂದಳು ಮಗಳು. ಮಾರನೆಯ ಬೆಳಿಗ್ಗೆಯೇ ಕೆಳಗಿಳಿದು ಜಗಳಕ್ಕೆ ನಿಂತೆ.

"ನಿಮ್ಮ ಆಟದಿಂದ ನಮ್ಮ ಹುಡುಗಿಗೆ ಯುದ್ಧದ ಹುಚ್ಚು ಹಿಡಿದಿದೆ ಅಮ್ಮ."

ಅವರು ಅವರೆಕಾಯಿ ಬಿಡಿಸುತ್ತಿದ್ದರು. ಸಿಟ್ಟಾಗಲಿಲ್ಲ. "ಹಿಡಿದ್ರೂ ಹಿಡೀಬಹುದು ಕಣಮ್ಮ. ನಂಗೂ ಒಂದೊಂದ್ಸಲ ಹಂಗೇ ಅನ್ಸುತ್ತೆ. ಭಾನುವಾರ ನೀವೂ ಬಂದು ಆಡಿ. ಆಮೇಲೆ ಬೈಯೋರಂತೆ."

ಭಾನುವಾರ ಹೆಲ್ಮೆಟ್ಟು, ದಪ್ಪ ಅಂಗಿ ತೊಡಿಸಿ ನನ್ನನ್ನು ಮಗಳ ಎದುರು ತಂಡಕ್ಕೆ ಸೇರಿಸಿದರು. ಓನರಮ್ಮನ ಕಟ್ಟಪ್ಪಣೆ ಒಂದೇ: ಹತ್ತಿರ ಸಿಕ್ಕಿಬಿದ್ದವರು ಕೈ ಎತ್ತಿದರೆ ಹೊಡೆಯುವಂತಿಲ್ಲ. ಡ್ರಮ್ಮಿನ ಹಿಂದೆ ಏದುಸಿರು ಬಿಡುತ್ತಿದ್ದ ನನ್ನ ಮುಂದೆ ಮಗಳು ಧುತ್ತೆಂದು ನಿಂತಳು. ನಾನು ಎರಡೂ ಕೈ ಎತ್ತಿದೆ. ಅವಳು ಹೊಡೆದಳು.

ತೋಳಿಗೆ ಕಾದ ಸೌಟು ಇಟ್ಟಂತಾಯಿತು. ಸೀಟಿ ಕೂಗಿತು. ಓನರಮ್ಮ ಬಂದವರೇ ಅವಳ ಕೈಯಿಂದ ಗನ್ನು ತೆಗೆದುಕೊಂಡರು.

"ಕೈ ಎತ್ತಿದ್ದು ಕಾಣಿಸ್ತಾ?"

"ಕಾಣಿಸ್ತು ಅಜ್ಜಿ. ಬೆರಳು ನಿಲ್ಲಲಿಲ್ಲ." ಎಂದಳು ಮಗಳು.

"ನಿಲ್ಸೋದನ್ನ ಕಲಿಯೋಕೇ ಕಣವ್ವ ಈ ಆಟ. ಹೊಡಿಯೋದು ಯಾರಿಗೆ ಬರಲ್ಲ?"

ನೇರಳೆ ಬಣ್ಣಕ್ಕೆ ತಿರುಗಿದ ನನ್ನ ತೋಳಿಗೆ ಅವಳ ಕೈಯಲ್ಲೇ ಐಸು ಹಿಡಿಸಿದರು. ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಅವತ್ತು ನಾನು ಯಾರನ್ನೂ ಬೈಯಲಿಲ್ಲ. ಆಟ ಬಿಡಿಸುವ ಮಾತನ್ನೂ ಎತ್ತಲಿಲ್ಲ. ಅದಾದ ಮೇಲೆ ಟಿವಿಯ ಮುಂದೆ ಅವಳು "ಸಖತ್" ಎಂದದ್ದು ನನಗೆ ಕೇಳಿಸಿಲ್ಲ. ಎಲ್ಲ ಮಕ್ಕಳಿಗೂ ಹೀಗೇ ಆಗುತ್ತದೆಯೇ, ಗೊತ್ತಿಲ್ಲ. ಎಲ್ಲ ಮೈದಾನದಲ್ಲೂ ಓನರಮ್ಮ ಇರುವುದಿಲ್ಲವಲ್ಲ.

ಹೋದ ವರ್ಷ ಅವರು ಹಾಸಿಗೆ ಹಿಡಿದಾಗ ಇಬ್ಬರೂ ನೋಡಲು ಹೋಗಿದ್ದೆವು.

"ಇನ್ನೂ ಆಡ್ತೀಯೇನೇ?" ಎಂದು ಮಗಳನ್ನು ಕೇಳಿದರು.

"ಆಡ್ತೀನಿ ಅಜ್ಜಿ."

"ಗೆಲ್ತೀಯಾ?"

"ಒಂದೊಂದ್ಸಲ."

"ಅಷ್ಟು ಸಾಕು ಬಿಡು" ಎಂದು ನಕ್ಕರು. ಆ ವಾರವೇ ತೀರಿಕೊಂಡರು.

ಆಟ ಬಿಡಿಸಲು ಹೋದವಳಿಗೆ ಆಟವನ್ನೇ ಹಚ್ಚಿಸಿ ಹೋದ ಪುಣ್ಯಾತ್ಗಿತ್ತಿ. ಭಾನುವಾರಗಳಲ್ಲಿ ಈಗಲೂ ತಾಯಿ ಮಗಳು ಒಟ್ಟಿಗೇ ಮೈದಾನಕ್ಕೆ ಹೋಗುತ್ತೇವೆ, ಬೇರೆ ಬೇರೆ ತಂಡಗಳಲ್ಲಿ ಆಡಲು.