ಕಂಡಕ್ಟರಮ್ಮನ ಮಾಂತ್ರಿಕೆ

ಚನ್ನಗಿರಿಯ ನಮ್ಮ ಅಂಗಡಿಯ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ನಾಲ್ಕೈದು ಮಂದಿ ಸೇರಿ ದಾಳದ ಕಥೆಯಾಟ ಆಡುತ್ತಿದ್ದೆವು. ಒಬ್ಬೊಬ್ಬರೂ ಬಲ, ಬುದ್ಧಿ, ವರ್ಚಸ್ಸಿಗೆ ಅಂಕ ಹಂಚಿ ಒಂದು ಪಾತ್ರ ಕಟ್ಟಿಕೊಂಡು, ಆ ಪಾತ್ರವಾಗಿಯೇ ಮಾತಾಡಬೇಕು; ಮಾಡಿದ್ದು ಫಲಿಸಿತೋ ಇಲ್ಲವೋ ದಾಳ ಹೇಳುತ್ತದೆ. ಹೊನ್ನಾಳಿ ಬಸ್ಸಿನ ಕಂಡಕ್ಟರಮ್ಮ ರಜೆಯಿದ್ದಾಗ ಬರುತ್ತಿದ್ದರು. ಐವತ್ತು ದಾಟಿದವರು, ಕೂಗಿ ಕೂಗಿ ಒಡೆದ ದನಿ. ಯಾರು ಏನು ಆಗದೆಂದರೂ "ಯಾಕಾಗಲ್ಲ ಹೇಳ್ರಿ?" ಎನ್ನುತ್ತಾ ಕನ್ನಡಕ ಮೇಲೇರಿಸುವರು.

ತಮ್ಮ ಪಾತ್ರವಾದ ಮಾಂತ್ರಿಕೆಗೆ ಅವರು ಬಲ, ಬುದ್ಧಿ ಎಲ್ಲ ಕಡಿಮೆ ಮಾಡಿ ಅಂಕಗಳನ್ನು ವರ್ಚಸ್ಸಿಗೇ ಸುರಿದರು. ವಯಸ್ಸು ಐವತ್ತೆರಡು ಎಂದು ಬರೆದರು.

ಆಟ ನಡೆಸುವ ಮೇಷ್ಟ್ರು ನಕ್ಕರು. "ವರ್ಚಸ್ಸಿಗೆ ರೂಪ ಬೇಕಲ್ರೀ ಅಕ್ಕಾರೆ. ಇಪ್ಪತ್ತು ಅಂತ ಬರೀರಿ."

"ತುಂಬಿದ ಬಸ್ಸಾಗೆ ನಾನೊಂದು ಮಾತಂದ್ರೆ ಗಂಡಸ್ರು ಹೆಂಗಸ್ರ ಸೀಟು ಬಿಟ್ಟು ಏಳ್ತಾರೆ. ನನ್ನ ರೂಪ ನೋಡಿ ಏಳ್ತಾರೇನ್ರಿ?"

ಮೇಷ್ಟ್ರಿಗೆ ಛಲ ಬಂತು. ಅಂದಿನ ಕಥೆಯಲ್ಲಿ ಮಾಂತ್ರಿಕೆ ಒಳಹೋಗಬೇಕಿದ್ದ ಕೋಟೆಯ ಬಾಗಿಲಿಗೆ ಹಸಿದ ದಂಡನ್ನು ಕಾವಲಿಟ್ಟು, ಸೇನಾಪತಿಯಾಗಿ ಗುಡುಗಿದರು: "ಈ ಮುದುಕಿಗೆ ದಾರಿಯಿಲ್ಲ!"

ಕಂಡಕ್ಟರಮ್ಮ ಸೇನಾಪತಿಯನ್ನು ದಾಟಿ ನೋಡಿದರು. ಎದ್ದು ನಿಂತು, ಅವನ ಹಿಂದಿದ್ದ ಸೈನಿಕರನ್ನು ಕರೆದರು. "ಮಕ್ಕಳಾ, ಊಟ ಮಾಡಿ ಎಷ್ಟು ದಿನಾತು? ಒಳಗೆ ಬಿಸಿ ಅನ್ನ ಐತೆ. ಬಾಗಿಲು ತೆಗೀರಿ, ಒಟ್ಟಿಗೆ ಉಣ್ಣಾನ."

ಮೇಷ್ಟ್ರು ದಾಳವನ್ನು ಅವರತ್ತ ತಳ್ಳಿದರು. ಅವರು ಅದನ್ನು ಮುಟ್ಟಲಿಲ್ಲ.

"ಬಾಗಿಲು ತೆಗೆದ್ರು ಅಂತ ಹೇಳ್ರಿ, ಮೇಷ್ಟ್ರೇ."

ಮೇಷ್ಟ್ರು ಹೇಳಿದರು.